ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಮಾತ್ರ ಕಂಪ್ಯೂಟರ್ ಟಪ್ ಅಂತ ಆಫ್ ಆಗುತ್ತಿದೆ

ಪ್ರಶ್ನೆ
ತಿಪಟೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಸಿಸ್ಟಮ್: ರೈಜೆನ್ 7 5800ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್, 650 ವ್ಯಾಟ್ ಪವರ್ ಸಪ್ಲೈ. ಕಟಿಂಗ್ ಮಾಡುವಾಗ ಏನೂ ತೊಂದರೆಯಿಲ್ಲ. 4ಕೆ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಹೋಗಿ ಬಂದರೆ ಎಲ್ಲ ಆರಿರುತ್ತದೆ. ನೀಲಿ ಪರದೆ ಬಂದದ್ದೇ ಇಲ್ಲ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎನ್ನುವ ಎರರ್ ಒಂದೇ ಇದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದೆ, ಒಂದೂ ಎರರ್ ಇಲ್ಲ. ಪ್ರೊಸೆಸರ್ ಬಿಸಿ 82 ಡಿಗ್ರಿ ದಾಟಿಲ್ಲ. ರಿಪೇರಿಯವರು ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಎನ್ನುತ್ತಾರೆ. ಅಷ್ಟು ದುಡ್ಡು ಹಾಕುವ ಮೊದಲು ಕೇಳೋಣ ಅನಿಸಿತು.

ಉತ್ತರ 1
ಕಾರ್ಡ್ ಈಗಲೇ ತಗೋಬೇಡಿ ಸರ್. 41 ಅಂದರೆ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಅಷ್ಟೇ, ಕಾರಣ ಅದರಲ್ಲಿ ಇರುವುದಿಲ್ಲ. 5800ಎಕ್ಸ್‌ನ ಮಿತಿ 90 ಡಿಗ್ರಿ, ಹಾಗಾಗಿ ಬಿಸಿಯೂ ಅಲ್ಲ. ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಪ್ರೈಮ್95 ಒಂದೇ ಓಡಿಸಿ, ಆಮೇಲೆ ಕಾರ್ಡಿಗೆ ಲೋಡ್ ಕೊಡುವ ಫರ್‌ಮಾರ್ಕ್ ಒಂದೇ, ಕೊನೆಗೆ ಎರಡೂ ಒಟ್ಟಿಗೆ. ಒಟ್ಟಿಗೆ ಓಡಿಸಿದಾಗ ಮಾತ್ರ ಬಿದ್ದರೆ ಕರೆಂಟಿನ ಕಡೆ ನೋಡಿ.

ಪ್ರಶ್ನೆ ಕೇಳಿದವರು
ಮಧ್ಯಾಹ್ನ ಮೂರೂ ಮಾಡಿದೆ. ಒಟ್ಟಿಗೆ ಒಂದು ಗಂಟೆ ಓಡಿತು, ಏನೂ ಆಗಲಿಲ್ಲ! ಸಂಜೆ ಏಳಕ್ಕೆ ಅದೇ ಟೆಸ್ಟ್ ಹಾಕಿದರೆ ಹತ್ತು ನಿಮಿಷವೂ ನಿಲ್ಲಲಿಲ್ಲ. ತಲೆ ಕೆಟ್ಟುಹೋಗಿದೆ.

ಉತ್ತರ 2
ಸಂಜೆ ನಿಮ್ಮಲ್ಲಿ ವೋಲ್ಟೇಜ್ ಇಳಿಯುತ್ತೆ ಅಲ್ವಾ? ಯುಪಿಎಸ್ ಎಷ್ಟು ವಿಎ (ಅದರ ಸಾಮರ್ಥ್ಯದ ಅಳತೆ)? ವೋಲ್ಟೇಜ್ ತೀರಾ ಇಳಿದಾಗ ಅದು ಟಿಕ್ ಅಂತ ಬ್ಯಾಟರಿಗೆ ಹೋಗುತ್ತದೆ. ಆ ಹೊತ್ತಿಗೆ ಲೋಡ್ ಜಾಸ್ತಿ ಇದ್ದರೆ ತಡೆಯದೆ ಕೈಬಿಡುತ್ತದೆ. ನಿಮ್ಮ ಪ್ರೊಸೆಸರ್ 142 ವ್ಯಾಟ್‌ವರೆಗೆ ಎಳೆಯಬಹುದು, ಕಾರ್ಡ್ 170. ಬೋರ್ಡ್, ಡಿಸ್ಕ್, ಮಾನಿಟರ್ ಎಲ್ಲ ಸೇರಿದರೆ 400 ದಾಟುತ್ತದೆ. ಬೇಡದ ಒಂದು ಪ್ರಾಜೆಕ್ಟ್ ಎಕ್ಸ್‌ಪೋರ್ಟ್‌ಗೆ ಹಾಕಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಮುಖ್ಯವಾದ ಫೈಲ್ ಯಾವುದೂ ತೆರೆದಿರಬಾರದು.

ಪ್ರಶ್ನೆ ಕೇಳಿದವರು
ಅದೇ ಸರ್! 600 ವಿಎ, ಹಿಂದುಗಡೆ 360 ವ್ಯಾಟ್ ಅಂತ ಬರೆದಿದೆ. ಸುಮ್ನೆ ಇದ್ದಾಗ ಸ್ವಿಚ್ ಆರಿಸಿದರೆ ಆರಾಮಾಗಿ ನಿಂತಿತು. ಎಕ್ಸ್‌ಪೋರ್ಟ್ ನಡೆಯುವಾಗ ಆರಿಸಿದ ಕೂಡಲೇ ಎಲ್ಲ ಕಪ್ಪು. ಹಳೇ ಕಾರ್ಡ್ ಇದ್ದ ಕಾಲದ ಯುಪಿಎಸ್ ಅದು, ಕಾರ್ಡ್ ಬದಲಿಸಿದಾಗ ಅದರ ನೆನಪೇ ಆಗಲಿಲ್ಲ. ಇವತ್ತು 1100 ವಿಎ, 660 ವ್ಯಾಟಿನದು ತಂದೆ. ರಾತ್ರಿ ಎಂಟಕ್ಕೆ ಹಾಕಿದ ಮುಹೂರ್ತದ ವಿಡಿಯೋ ಈಗಷ್ಟೇ ಮುಗಿಯಿತು. ನಡುವೆ ಎರಡು ಸಲ ಟಿಕ್ ಅಂದಿತು, ನಿಲ್ಲಲಿಲ್ಲ.