ಟೀಮಲ್ಲಿ ಜಗಳ ಇದ್ದರೇ ಕೆಲಸ ಚೆನ್ನಾಗಿ ಆಗುತ್ತಾ?

ಹೊಸಬ:
ನಮ್ಮದು ಚಿಕ್ಕ ಟೀಮು. ಒಬ್ಬರು ಡೇಟಾ ಶೀಟು ಮುಗಿಸಿ ಕೊಡುತ್ತಾರೆ, ಇನ್ನೊಬ್ಬರು ಅದರ ಮೇಲೆ ರಿಪೋರ್ಟ್ ಬರೆಯುತ್ತಾರೆ, ಕೊನೆಗೆ ನಾನು ಚೆಕ್ ಮಾಡಿ ಕಳಿಸಬೇಕು. ಮೊದಲ ಇಬ್ಬರಿಗೆ ಆಗಿಬರುವುದಿಲ್ಲ. ಮೊನ್ನೆ ಶೀಟಿನಲ್ಲಿ ತಾರೀಖು ಮೊದಲಾ ತಿಂಗಳು ಮೊದಲಾ ಅಂತ ಶುರುವಾದ ಮಾತು "ನಿಮಗೆ ಯಾವತ್ತೂ ಇನ್ನೊಬ್ಬರ ಮಾತು ಕೇಳಿ ಅಭ್ಯಾಸವೇ ಇಲ್ಲ" ಅನ್ನುವಲ್ಲಿಗೆ ಹೋಯಿತು. ಸಂಜೆಯವರೆಗೂ ಶೀಟು ಬರಲಿಲ್ಲ, ನಾನು ಸುಮ್ನೆ ಕೂತಿದ್ದೆ. ಮ್ಯಾನೇಜರ್‌ಗೆ ಹೇಳಿದರೆ "ವಾದ ಇದ್ದರೇ ಒಳ್ಳೆಯದು" ಅಂದರು. ನಿಜಾನಾ? ಪಕ್ಕದ ಟೀಮಿನಲ್ಲಿ ಇಬ್ಬರು ಮಾತೇ ಆಡುವುದಿಲ್ಲ, ಆದರೂ ಅವರ ಕೆಲಸ ನಿಂತಿಲ್ಲ!

ಓದುಗಿ:
ಅರ್ಧ ನಿಜ. ಯಾವ ಜಗಳ ಅನ್ನೋದು ಮುಖ್ಯ. ಟೀಮುಗಳ ಜಗಳದ ಬಗ್ಗೆ ಸಂಶೋಧನೆ ಮಾಡಿದ ಕೇರನ್ ಜೆನ್ ಅವರು 1995ರಲ್ಲೇ ಇದನ್ನು ಬೇರೆ ಮಾಡಿ ತೋರಿಸಿದರು: ಕೆಲಸದ ಬಗ್ಗೆ ವಾದ ಒಂದು, ಮನುಷ್ಯರ ನಡುವಿನ ಕಿತ್ತಾಟ ಇನ್ನೊಂದು. ದಿನಾ ಒಂದೇ ಥರ ಮಾಡುವ ಕೆಲಸದಲ್ಲಿ ವಾದವೂ ಅಡ್ಡಿಯೇ. ಹೊಸದಾಗಿ ಯೋಚಿಸಬೇಕಾದ ಕೆಲಸದಲ್ಲಿ ಮಾತ್ರ ವಾದದಿಂದ ಹಾನಿಯಿಲ್ಲ, ಕೆಲವು ಸಲ ಉಪಯೋಗವೂ ಆಗುತ್ತದೆ. ತಾರೀಖು ಹೇಗೆ ಬರೆಯಬೇಕು ಅನ್ನೋದರಲ್ಲಿ ಹೊಸ ಯೋಚನೆ ಏನಿದೆ ಹೇಳಿ?

ಮತ್ತೆ 2003ರಲ್ಲಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಅನ್ನೋ ಸಂಶೋಧಕರು ಹಳೆಯ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಎರಡೂ ಬಗೆಯ ಜಗಳ ಕೆಲಸ ಕೆಡಿಸುವ ಕಡೆಗೇ ವಾಲಿದ್ದವು. 2012ರಲ್ಲಿ ಡಿ ವಿಟ್, ಗ್ರೀರ್ ಮತ್ತು ಅದೇ ಜೆನ್ ಸೇರಿ 116 ಅಧ್ಯಯನ ನೋಡಿ ಸ್ವಲ್ಪ ತಿದ್ದಿದರು. ವಾದ ವೈಯಕ್ತಿಕಕ್ಕೆ ತಿರುಗದ ಕಡೆ ಪರವಾಗಿಲ್ಲ ಅಂತ. ನಿಮ್ಮಲ್ಲಿ ಅದು ಒಂದೇ ದಿನದಲ್ಲಿ ತಿರುಗಿದೆ, ಅಲ್ವಾ?

ಕೀಲಿಮಣೆ:
ಪಕ್ಕದ ಟೀಮಿನ ವಿಷಯಕ್ಕೆ ಬರುತ್ತೇನೆ. ಅವರ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದಾ? ಬಹುಶಃ ಇಲ್ಲ. ಸಮಾಜಶಾಸ್ತ್ರಜ್ಞ ಜೇಮ್ಸ್ ಥಾಂಪ್ಸನ್ 1967ರಲ್ಲಿ ಒಬ್ಬರ ಕೆಲಸ ಇನ್ನೊಬ್ಬರದನ್ನು ನೆಚ್ಚಿಕೊಳ್ಳುವ ಮೂರು ಬಗೆ ಹೇಳಿದ್ದರು. ಎಲ್ಲರೂ ತಮ್ಮ ಪಾಲು ಮಾಡಿ ಕೊನೆಗೆ ಒಟ್ಟುಗೂಡಿಸುವುದು, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಶುರುವಾಗುವುದು, ಆಮೇಲೆ ಕೆಲಸ ಹಿಂದಕ್ಕೂ ಮುಂದಕ್ಕೂ ಓಡಾಡುವುದು. ಮೊದಲನೆಯದರಲ್ಲಿ ಮುಖ ತಿರುಗಿಸಿಕೊಂಡು ಕೂತರೂ ನಡೆಯುತ್ತದೆ. ನಿಮ್ಮದು ಎರಡನೆಯದು, ಅವರಿಬ್ಬರ ಸಿಟ್ಟಿಗೆ ನಿಮ್ಮ ಸಂಜೆ ಹೋಯಿತು. ಹೀಗಿರುವಾಗ ಅವರನ್ನು ಸ್ನೇಹಿತರನ್ನಾಗಿ ಮಾಡೋಕೆ ಹೋಗಬೇಡಿ, ಶೀಟು ಹೇಗಿರಬೇಕು ಅಂತ ಒಂದು ಪುಟ ಬರೆದಿಟ್ಟು ಇಬ್ಬರ ಕೈಲೂ ಒಪ್ಪಿಸಿ, ಅಷ್ಟು ಸಾಕು.

ನೆರಳು:
ಒಂದು ಪುಟದಿಂದ ಎಲ್ಲ ಸರಿಹೋಗಲ್ಲ ಸ್ವಾಮಿ. ಬೋನಸ್ ಹೇಗೆ ಕೊಡುತ್ತಾರೆ ಅಂತ ಯಾರೂ ಕೇಳಲೇ ಇಲ್ಲ. ರೂತ್ ವೇಜ್‌ಮನ್ ಅನ್ನೋ ಸಂಶೋಧಕಿ ಝೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಗುಂಪುಗಳನ್ನು ನೋಡಿದ್ದರು. ಕೆಲಸವೂ ಪ್ರತಿಫಲವೂ ಪೂರ್ತಿ ಒಬ್ಬೊಬ್ಬರದೇ ಆಗಿದ್ದವರೂ, ಪೂರ್ತಿ ಗುಂಪಿನದೇ ಆಗಿದ್ದವರೂ ಚೆನ್ನಾಗಿ ಮಾಡಿದರು. ಸೋತದ್ದು ಸ್ವಲ್ಪ ಒಬ್ಬೊಬ್ಬರದು, ಸ್ವಲ್ಪ ಗುಂಪಿನದು ಅಂತ ಬೆರೆಸಿದವರು. ಅತ್ತ ಇತ್ತ ಎರಡೂ ಇಲ್ಲ.

ಹೊಸಬ:
ನೆರಳು ಅವರೇ, ನಮ್ಮಲ್ಲೂ ಬೆರಕೆಯೇ: ಕೆಲಸ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ, ಬೋನಸ್ ಮಾತ್ರ ಪೂರ್ತಿ ಒಬ್ಬೊಬ್ಬರ ಲೆಕ್ಕದಲ್ಲೇ! ಶೀಟು ಮಾಡುವವರಿಗೆ ಎಷ್ಟು ಶೀಟು ಅಂತ, ರಿಪೋರ್ಟಿನವರಿಗೆ ಎಷ್ಟು ತಪ್ಪು ಕಮ್ಮಿ ಅಂತ. ಒಬ್ಬರಿಗೆ ಬೇಗ ಕೈತೊಳೆದುಕೊಂಡರೆ ಲಾಭ, ಇನ್ನೊಬ್ಬರಿಗೆ ವಾಪಸ್ ಕಳಿಸಿದರೆ ಲಾಭ. ಮ್ಯಾನೇಜರ್ ಹತ್ತಿರ ಈ ಸಲ ಜಗಳದ ಮಾತೇ ಎತ್ತುವುದಿಲ್ಲ, ಇದನ್ನೇ ಕೇಳುತ್ತೇನೆ.