ಎತ್ತರದ ಜಾಗದಿಂದ ಆಕಾಶ ಛಾಯಾಗ್ರಹಣ: ಹಾನ್ಲೆಯೋ, ಮುಳ್ಳಯ್ಯನಗಿರಿಯೋ?

ಪ್ರಶ್ನೆ: ಮೂರು ವರ್ಷಗಳಿಂದ ಬೆಂಗಳೂರಿನ ಹೊರವಲಯದಲ್ಲಿ ಕ್ಯಾಮೆರಾ, 24 ಮಿ.ಮೀ. ಲೆನ್ಸ್ ಮತ್ತು ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಣ್ಣ ಟ್ರ್ಯಾಕರ್ ಬಳಸಿ ಕ್ಷೀರಪಥದ ಚಿತ್ರ ತೆಗೆಯುತ್ತಿದ್ದೇನೆ. ಲಡಾಖಿನ ಹಾನ್ಲೆಗೆ ಹೋಗಿಬರುವಷ್ಟು ಹಣ ಕೂಡಿದೆ. ಎತ್ತರದಿಂದ ನಿಜಕ್ಕೂ ಅಷ್ಟು ಪ್ರಯೋಜನವಿದೆಯೇ, ಅಥವಾ ಮುಳ್ಳಯ್ಯನಗಿರಿಯೇ ಸಾಕೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಾನ್ಲೆಯಲ್ಲಿ ಐದು ರಾತ್ರಿ ಕಳೆದಿದ್ದೇನೆ. ನಮ್ಮ ಹೊಸಕೋಟೆಯಲ್ಲಿ ಕುಳಿತು ನಿಯಂತ್ರಿಸುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಅಲ್ಲಿಯೇ, ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ. ಗಾಳಿಯ ಒತ್ತಡ ಅಲ್ಲಿ ಸಮುದ್ರಮಟ್ಟದ ಶೇ 60ಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ನೀರಾವಿ ಮತ್ತು ದೂಳಿನ ಬಹುಪಾಲು ನಮ್ಮ ಕಾಲ ಕೆಳಗೇ ಉಳಿದಿರುತ್ತದೆ. ಊರಿನಲ್ಲಿ ದಿಗಂತದ ಮೇಲೆ ಮಂಕು ಕವಿದು ವ್ಯರ್ಥವಾಗುವ ಆಕಾಶದ ಪಟ್ಟಿ ಅಲ್ಲಿ ಗುಡ್ಡದ ಅಂಚಿನವರೆಗೂ ಕೆಲಸಕ್ಕೆ ಬರುತ್ತದೆ. ಎತ್ತರದಲ್ಲಿ ತಾರೆಗಳ ಅಲುಗಾಟ ಕಡಿಮೆ ಎನ್ನುವ ಮಾತು ದೊಡ್ಡ ದೂರದರ್ಶಕದವರಿಗೆ ಬಿಟ್ಟದ್ದು. ನಿಮ್ಮ ಲೆನ್ಸಿಗೆ ಅದರ ಗೊಡವೆಯೇ ಇಲ್ಲ.

ಮೊದಲ ರಾತ್ರಿಯ ಎರಡು ನಿಮಿಷದ ಫ್ರೇಮಿನಲ್ಲಿ ಉತ್ತರ ದಿಕ್ಕಿನುದ್ದಕ್ಕೂ ಹಸಿರು ಅಲೆಗಳು ಕಂಡಾಗ ಸೆನ್ಸರ್ ಕೆಟ್ಟಿತೆಂದು ಗಾಬರಿಗೊಂಡೆ. ಅದು ಸುಮಾರು 95 ಕಿ.ಮೀ. ಮೇಲೆ ಆಮ್ಲಜನಕವೇ ಹೊಮ್ಮಿಸುವ ವಾಯುದೀಪ್ತಿ. ಯಾವ ಬೆಟ್ಟ ಹತ್ತಿದರೂ ಅದರಿಂದ ತಪ್ಪಿಸಿಕೊಳ್ಳಲಾಗದು. ಬರಿಗಣ್ಣಿನ ವಿಷಯದಲ್ಲಿ ಮಾತ್ರ ನಿರಾಸೆಯಾಯಿತು. ಆಮ್ಲಜನಕ ಕಡಿಮೆಯಾದಾಗ ಕಣ್ಣಿನ ಇರುಳುನೋಟವೂ ಕುಂದುವುದರಿಂದ, ಆ ಎತ್ತರದ ಪೂರ್ತಿ ಲಾಭ ದಕ್ಕುವುದು ಕ್ಯಾಮೆರಾಕ್ಕೆ, ನಮಗಲ್ಲ. ಚಳಿಯಲ್ಲಿ ಸೆನ್ಸರಿನ ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ಇಳಿಯುತ್ತದೆ, ಜೊತೆಗೆ ಬ್ಯಾಟರಿಯೂ ಇಳಿಯುತ್ತದೆ. ನಾನು ಎರಡು ಬ್ಯಾಟರಿಗಳನ್ನು ಸ್ವೆಟರಿನೊಳಗೆ ಎದೆಗೆ ಒತ್ತಿಟ್ಟುಕೊಂಡು, ಗಂಟೆಗೊಮ್ಮೆ ಬದಲಿಸುತ್ತಿದ್ದೆ. ಲೇಹ್‌ನಲ್ಲಿ ಎರಡು ದಿನವಾದರೂ ತಂಗಿ ದೇಹವನ್ನು ಒಗ್ಗಿಸಿಕೊಳ್ಳದೆ ಮುಂದೆ ಹೋಗಬೇಡಿ. ನಾನು ಒಂದೇ ದಿನ ತಂಗಿ, ಹಾನ್ಲೆಯ ಮೊದಲೆರಡು ರಾತ್ರಿ ತಲೆನೋವಿನಲ್ಲಿ ಫೋಕಸ್ ಸರಿಯಾಗಿದೆಯೇ ಎಂದು ನೋಡುವುದನ್ನೇ ಮರೆತೆ. ಆ ಫ್ರೇಮುಗಳೆಲ್ಲ ಹಾಳಾದವು.

ಇನ್ನೊಬ್ಬರ ಉತ್ತರ: ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಹಾನ್ಲೆಯ ಒಣಹವೆಗೂ ಘಟ್ಟದ ತೇವಕ್ಕೂ ಹೋಲಿಕೆಯಿಲ್ಲ. ಮಳೆಗಾಲವಂತೂ ಮರೆತುಬಿಡಿ. ಜನವರಿಯ ಒಂದು ರಾತ್ರಿ ಆ ಸಾಲಿನ ಎಸ್ಟೇಟೊಂದರಲ್ಲಿ ಹನ್ನೊಂದು ಗಂಟೆಗೇ ಲೆನ್ಸಿನ ಮೇಲೆ ಇಬ್ಬನಿ ಕೂತು, ನಕ್ಷತ್ರಗಳೆಲ್ಲ ಹತ್ತಿಯುಂಡೆಗಳಂತೆ ಬಂದವು. ಅಂದಿನಿಂದ ಲೆನ್ಸನ್ನು ಬೆಚ್ಚಗಿಡುವ ಹೀಟರ್ ಪಟ್ಟಿ ಇಲ್ಲದೆ ಘಟ್ಟ ಹತ್ತಿಲ್ಲ. ಅದೃಷ್ಟವಿದ್ದರೆ ಮಂಜು ಕಣಿವೆಯಲ್ಲೇ ತುಂಬಿಕೊಂಡು ಕೆಳಗಿನ ಊರುಗಳ ದೀಪಗಳನ್ನು ಮುಚ್ಚಿಬಿಡುತ್ತದೆ, ಮೇಲೆ ಆಕಾಶ ನಿಚ್ಚಳವಾಗಿರುತ್ತದೆ. ಅಂಥ ರಾತ್ರಿ ನನಗೆ ಏಳು ಸಲದಲ್ಲಿ ಒಮ್ಮೆ ಸಿಕ್ಕಿತು.

ಮತ್ತೊಬ್ಬರ ಉತ್ತರ: ಯಾರೂ ಹೇಳದ ಒಂದು ಸಂಗತಿ ಅಕ್ಷಾಂಶದ್ದು. ಹಾನ್ಲೆಯಲ್ಲಿ ಧ್ರುವತಾರೆ ಸುಮಾರು 33 ಡಿಗ್ರಿ ಮೇಲಿರುವುದರಿಂದ ಅದರತ್ತ ಗುರಿಯಿಟ್ಟು ಟ್ರ್ಯಾಕರ್ ಹೊಂದಿಸುವುದು ಸಲೀಸು. ಬೆಂಗಳೂರಿನಲ್ಲಿ ಅದು 13 ಡಿಗ್ರಿಯಲ್ಲಿ ಮರಗಳ ಹಿಂದೆ ಅಡಗಿರುತ್ತದೆ. ಆದರೆ ಒಮೆಗಾ ಸೆಂಟಾರಿಯಂಥ ತೆಂಕಣ ನಕ್ಷತ್ರಗುಚ್ಛ ನಮ್ಮಲ್ಲಿ 29 ಡಿಗ್ರಿಯವರೆಗೆ ಏರಿದರೆ, ಹಾನ್ಲೆಯಲ್ಲಿ ಹತ್ತು ಡಿಗ್ರಿಯನ್ನೂ ದಾಟುವುದಿಲ್ಲ. ದಕ್ಷಿಣದ ಗುರಿಗಳು ಬೇಕಿದ್ದರೆ ಏಪ್ರಿಲ್‌ನಲ್ಲಿ ಚಿತ್ರದುರ್ಗದ ಕಡೆಯ ಕತ್ತಲ ಬಯಲೇ ಮೇಲು. ಹಾನ್ಲೆಯನ್ನು ಕ್ಷೀರಪಥಕ್ಕೂ ಆಂಡ್ರೊಮಿಡಾ ಗೆಲಾಕ್ಸಿಗೂ ಇಟ್ಟುಕೊಳ್ಳಿ.