‘ಜಾಮೀನು ಕೊಟ್ಟವರು ಯಾರು?’: ಬಾಂಡ್, ಮುಚ್ಚಳಿಕೆ, ಹೊಣೆ ಪದಗಳ ಬಗ್ಗೆ

ಗೆಳೆಯರೇ,

ಕೋರ್ಟಿನಲ್ಲಿ ‘ಬೇಲ್ ಬಾಂಡ್’ ಅನ್ನುತ್ತಾರಲ್ಲ, ಅದಕ್ಕೆ ನಿಮ್ಮ ಕಡೆ ಜನ ಏನಂತಾರೆ? ನಿಘಂಟಿನ ಪದ ನನಗೂ ಸಿಕ್ಕಿದೆ. ಬೇಕಿರುವುದು ಬಾಯಲ್ಲಿರುವ ಮಾತು.

ಕೇಳುವುದಕ್ಕೆ ಕಾರಣ ಇದೆ. ನಮ್ಮ ಓಣಿಯ ಒಬ್ಬ ತಾಯಿಯ ಮಗನನ್ನು ಜಗಳದ ಕೇಸಿನಲ್ಲಿ ಹಿಡಿದುಕೊಂಡು ಹೋದರು. ಎರಡು ದಿನಕ್ಕೆ ಜಾಮೀನು ಸಿಕ್ಕಿತು. ಆದೇಶದಲ್ಲಿ ‘50 ಸಾವಿರ ರೂಪಾಯಿಯ ವೈಯಕ್ತಿಕ ಬಾಂಡ್ ಹಾಗೂ ಅಷ್ಟೇ ಮೊತ್ತದ ಒಂದು ಶ್ಯೂರಿಟಿ’ ಅಂತ ಇತ್ತು. ದಿನಾ ಪೇಪರಿನಲ್ಲಿ ಓದುವ ವಾಕ್ಯವೇ ಇದು. (ಶ್ಯೂರಿಟಿ ಅಂದರೆ ಆರೋಪಿಯ ಪರ ನಿಲ್ಲುವ ಇನ್ನೊಬ್ಬರು.) ಆ ತಾಯಿ ಐವತ್ತಕ್ಕೆ ಐವತ್ತು ಕೂಡಿಸಿ ಒಂದು ಲಕ್ಷ ಕಟ್ಟಬೇಕು ಅಂದುಕೊಂಡರು. ಬಳೆ ಅಡ ಇಟ್ಟರು. ‘ಬಾಂಡ್ ದುಡ್ಡು ನಾನೇ ಒಳಗೆ ಕಟ್ಟಿ ಬರ್ತೀನಿ’ ಅಂತ ಕೋರ್ಟಿನ ಹೊರಗೆ ಯಾರೋ ಅದರಲ್ಲಿ ಒಂದು ಪಾಲು ಇಸಿದುಕೊಂಡು ಹೋದ. ನಿಜಕ್ಕೂ ಅಲ್ಲಿ ಒಂದು ಲಕ್ಷ ಕಟ್ಟುವುದು ಏನೂ ಇರಲಿಲ್ಲ. ಅವರ ಮೈದುನ ತನ್ನ ಪಹಣಿ, ಆಧಾರ್ ನಕಲು, ಫೋಟೋ ಹಿಡಿದು ಬಂದು ಸಹಿ ಹಾಕಿದ. ಹುಡುಗ ಹೊರಗೆ ಬಂದ.

ಆಮೇಲೆ ಅವರು ನನ್ನನ್ನು ಕೇಳಿದರು: ‘ಬಾಂಡ್ ಅಂದ್ರೆ ದುಡ್ಡಲ್ವಾ?’

ಅವರದ್ದೇನೂ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಬಾಂಡ್ ಅಂದರೆ ಬೆಲೆ ಬಾಳುವ ಕಾಗದ. ಎಲ್‌ಐಸಿ ಬಾಂಡ್ ಅನ್ನುತ್ತೇವೆ. ಛಾಪಾ ಕಾಗದಕ್ಕೂ ಬಾಂಡ್ ಪೇಪರ್ ಅನ್ನುತ್ತೇವೆ. ಇಂಟರ್‌ನೆಟ್‌ನಲ್ಲಿ ‘ಬೇಲ್ ಬಾಂಡ್’ ಹುಡುಕಿದರೆ ಅಮೆರಿಕದ ಲೆಕ್ಕ ಬರುತ್ತದೆ. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಅದೊಂದು ವ್ಯಾಪಾರ. ಏಜೆಂಟ್ ಸಾಮಾನ್ಯವಾಗಿ ಮೊತ್ತದ ಶೇಕಡಾ 10ರಷ್ಟು ಶುಲ್ಕ ತೆಗೆದುಕೊಂಡು ಬಾಂಡ್ ಬರೆದುಕೊಡುತ್ತಾನೆ, ಆ ಶುಲ್ಕ ವಾಪಸ್ ಬರುವುದಿಲ್ಲ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಬಾಂಡ್ ಅಂದರೆ ಬರವಣಿಗೆಯ ಮಾತು: ‘ಕರೆದ ದಿನ ಕೋರ್ಟಿಗೆ ಬರ್ತೀನಿ, ಬರದಿದ್ದರೆ ಇಷ್ಟು ಕಟ್ಟುತ್ತೇನೆ.’ ಶ್ಯೂರಿಟಿ ಸಿಗದೇ ಇದ್ದಾಗ ಬಾಂಡ್ ಬದಲು ನಗದು ಠೇವಣಿಗೆ ಕೋರ್ಟ್ ಒಪ್ಪಬಹುದು. ಅದು ಬೇರೆ ದಾರಿ, ಅದಕ್ಕೂ ಕೋರ್ಟಿನ ರಸೀದಿ ಇರುತ್ತದೆ.

ಈಗ ‘ಜಾಮೀನು’ ಪದಕ್ಕೆ ಬರೋಣ. ಅರಬ್ಬಿಯಿಂದ ಪಾರ್ಸಿಗೆ ಬಂದ ‘ಜಾಮಿನ್’ ಅಂದರೆ ಇನ್ನೊಬ್ಬರ ಪರ ನಿಂತ ವ್ಯಕ್ತಿ. ಮೂಲದಲ್ಲಿ ಅದು ಮನುಷ್ಯನಿಗೆ ಹೇಳುವ ಪದ. ಅವನು ಮಾಡುವ ಕೆಲಸ ‘ಜಮಾನತ್’. ಹಿಂದಿ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿತು. ಕನ್ನಡ ಮನುಷ್ಯನ ಹೆಸರನ್ನೇ ಕೆಲಸಕ್ಕೂ ಇಟ್ಟು, ಆಮೇಲೆ ಮನುಷ್ಯನಿಗೆ ‘ಜಾಮೀನುದಾರ’ ಅಂತ ಬಾಲ ಸೇರಿಸಿತು. ಹಾಗಾಗಿ ನಮ್ಮಲ್ಲಿ ಜಡ್ಜ್ ಕೊಡುವುದೂ ಜಾಮೀನು, ಮೈದುನ ಕೊಡುವುದೂ ಜಾಮೀನು, ಹುಡುಗ ಪಡೆಯುವುದೂ ಜಾಮೀನು. ‘ಜಾಮೀನು ಕೊಟ್ಟವರು ಯಾರು?’ ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ. ಬ್ಯಾಂಕಿನ ಸಾಲಕ್ಕೆ ನಿಲ್ಲುವುದೂ ಇದೇ ಪದ. ‘ಜಾಮೀನು ಸಿಕ್ಕಿದೆ ಅಂದ್ರಲ್ಲ, ಮತ್ತೆ ಯಾಕೆ ಬಿಟ್ಟಿಲ್ಲ?’ ಅಂತ ಮನೆಯವರು ಕೇಳುವುದು ಇದರಿಂದಲೇ. ಆದೇಶ ಆದ ಮೇಲೂ ಕಾಗದ ಬರೆದು, ಶ್ಯೂರಿಟಿ ಒಪ್ಪಿಗೆಯಾಗಿ, ಜೈಲಿಗೆ ಬಿಡುಗಡೆಯ ಆದೇಶ ತಲುಪಬೇಕು. ಈ ನಡುವಿನ ಹಂತಕ್ಕೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಂಧನ, ಜಾಮೀನು, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು, ಈ ಪದಗಳನ್ನು ಬಿಡಿಸಿ ಹೇಳಿದೆ. ಅದಕ್ಕೆ ಮೊದಲಿದ್ದ 1973ರ ಕಾನೂನಿನಲ್ಲಿ (ಸಿಆರ್‌ಪಿಸಿ) ‘ಬೇಲ್’ ಪದಕ್ಕೆ ವ್ಯಾಖ್ಯೆಯೇ ಇರಲಿಲ್ಲ. ಈಗ 2ನೇ ಕಲಮಿನ ಪ್ರಕಾರ ಶ್ಯೂರಿಟಿ ಇಲ್ಲದೆ ಬರೆದುಕೊಟ್ಟರೆ ‘ಬಾಂಡ್’, ಶ್ಯೂರಿಟಿ ಸಹಿತ ಬರೆದುಕೊಟ್ಟರೆ ‘ಬೇಲ್ ಬಾಂಡ್’. ಎಷ್ಟು ಚೊಕ್ಕವಾಗಿದೆ ನೋಡಿ. ಕನ್ನಡದಲ್ಲಿ ಇದನ್ನು ಹೇಗೆ ಹೇಳೋಣ?

ಮೊದಲು ಹೊಳೆಯುವುದು ‘ಮುಚ್ಚಳಿಕೆ’. ಕೇಳಿದರೆ ಮುಚ್ಚಳದ ನೆಂಟ ಅನ್ನಿಸುತ್ತದೆ, ಆದರೆ ಅದು ಪಾರ್ಸಿಯ ಮೂಲಕ ಬಂದ ‘ಮುಚಲ್ಕಾ’. ಪದ ಚೆನ್ನಾಗಿಯೇ ಇದೆ. ತೊಂದರೆ ಬಳಕೆಯಲ್ಲಿದೆ. ‘ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು’ ಅಂದರೆ ‘ಇನ್ನು ಮುಂದೆ ಹೀಗೆ ಮಾಡಲ್ಲ’ ಅಂತ ಬರೆಸಿಕೊಂಡರು ಅಂತಲೇ ಜನ ತಿಳಿಯುತ್ತಾರೆ. ಅಂದರೆ ತಪ್ಪು ಒಪ್ಪಿಕೊಂಡ ಹಾಗೆ. ಜಾಮೀನಿನ ಬಾಂಡಿನಲ್ಲಿ ತಪ್ಪೊಪ್ಪಿಗೆ ಇರುವುದಿಲ್ಲ. ಆ ಹುಡುಗನೂ ‘ಸಹಿ ಹಾಕಿದ್ರೆ ಒಪ್ಪಿಕೊಂಡ ಹಾಗೆ ಆಗಲ್ವಾ?’ ಅಂತ ಹೆದರಿದ್ದನಂತೆ.

ಇನ್ನು ನನಗೆ ತುಂಬ ಇಷ್ಟವಾದ ಪದ ‘ಹೊಣೆ’, ಹಳೆಗನ್ನಡದ ಪೊಣೆ. 1894ರ ಕಿಟ್ಟೆಲ್ ನಿಘಂಟಿನಲ್ಲೂ ಇದಕ್ಕೆ ಜಾಮೀನು ಅನ್ನುವ ಅರ್ಥ ಇದೆ. ತಮಿಳರು ಇವತ್ತಿಗೂ ಬೇಲ್‌ಗೆ ‘ಪಿಣೈ’ ಅನ್ನುತ್ತಾರೆ. ನಾವು ಯಾಕೆ ಹೊಣೆಯನ್ನು ಬಿಟ್ಟೆವು? ಮತ್ತೆ ತರಬಹುದು ಅಂದುಕೊಂಡು ಆ ತಾಯಿಯ ಮೈದುನನಿಗೆ ‘ನೀವು ಹೊಣೆಗಾರರು’ ಅಂದೆ. ಅವರ ಮುಖ ಬಿಳಿಚಿತು. ‘ಜಗಳಕ್ಕೆ ನಾನು ಹೇಗೆ ಹೊಣೆ?’ ಅಂದರು. ಈಗ ಹೊಣೆ ಅಂದರೆ ತಪ್ಪಿಗೆ ಜವಾಬ್ದಾರಿ ಅಂತಲೇ ಆಗಿಬಿಟ್ಟಿದೆ. ಶ್ಯೂರಿಟಿ ನಿಂತವರ ಮೇಲೆ ಅಪರಾಧ ಬರುವುದಿಲ್ಲ. ಆರೋಪಿ ಬರದಿದ್ದರೆ ಬಾಂಡಿನ ಹಣದ ಮಟ್ಟಿಗೆ ಅವರು ಉತ್ತರ ಕೊಡಬೇಕು, ಅಷ್ಟೇ. ಬೇಡ ಅನ್ನಿಸಿದರೆ ತನ್ನನ್ನು ಬಿಡಿಸಿ ಅಂತ ಅರ್ಜಿ ಹಾಕಲೂಬಹುದು.

ಪದದ ಅರ್ಥದ ಈ ಗೊಂದಲ ಹಳೆಯದು. 1978ರ ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ‘ಬೇಲ್’ ಪದಕ್ಕೇ ನಿಂತು ಯೋಚಿಸಿತ್ತು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನ ಶ್ಯೂರಿಟಿಯನ್ನೂ ಒಪ್ಪಲಿಲ್ಲ. ಶ್ಯೂರಿಟಿ ಇಲ್ಲದೆ ಸ್ವಂತ ಬಾಂಡ್ ಮೇಲೆ ಬಿಡುವುದೂ ಬೇಲ್ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡಲು ಹೇಳಿದರು. ಒಬ್ಬ ಕನ್ನಡಿಗನನ್ನು ಪಹಲ್ಗಾಮ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಹಿಡಿದರೆ ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರೆ. ಒಂದು ಪದದ ಅರ್ಥ ಅಗಲವಾದರೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ. ಇದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು.

ಇನ್ನೊಂದು ಪದ, ‘ದಸ್ತಗಿರಿ’. ಪಾರ್ಸಿಯಲ್ಲಿ ದಸ್ತ್ ಅಂದರೆ ಕೈ, ಗೀರ್ ಅಂದರೆ ಹಿಡಿಯುವುದು. ಅದೇ ‘ದಸ್ತಗೀರ್’ಗೆ ಕೈ ಹಿಡಿದು ಕಾಪಾಡುವವನು ಅನ್ನುವ ಅರ್ಥವೂ ಇದೆ. ಅದಕ್ಕೇ ಸೂಫಿ ಸಂತರ ಬಿರುದಾಯಿತು, ನಮ್ಮ ಊರುಗಳಲ್ಲಿ ಮಕ್ಕಳ ಹೆಸರೂ ಆಯಿತು. ದಸ್ತಗಿರಿಯಾದವರ ಕೈ ಹಿಡಿಯುವ ಏರ್ಪಾಡೂ ಕಾನೂನಿನಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಬಹುದು. ಜಾಮೀನು ಹಕ್ಕಾಗಿ ಸಿಗುವ ಅಪರಾಧವಾಗಿದ್ದು, ಹಿಡಿದು ಒಂದು ವಾರವಾದರೂ ಶ್ಯೂರಿಟಿ ಕೊಡಲಾಗದಿದ್ದರೆ, ಬಡವ ಅಂತ ಭಾವಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ‘ಪ್ರಾಧಿಕಾರ’ ಅನ್ನುವ ಬೋರ್ಡ್ ನೋಡಿ ಆ ತಾಯಿ ಒಳಗೆ ಹೋಗಲಿಲ್ಲ. ನಿವೇಶನ ಹಂಚುವ ಆಫೀಸು ಅಂದುಕೊಂಡಿದ್ದರಂತೆ.

ನಾನೊಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಸದ್ಯಕ್ಕೆ ಬಾಂಡ್‌ಗೆ ‘ಬರುವ ಮಾತಿನ ಪತ್ರ’, ಬೇಲ್ ಬಾಂಡ್‌ಗೆ ‘ಜಾಮೀನುದಾರರ ಸಹಿ ಇರುವ ಪತ್ರ’ ಅಂತ ಇಟ್ಟಿದ್ದೇನೆ. ಉದ್ದವಾಯಿತು, ಗೊತ್ತು. ಆದರೆ ಓದಿ ಹೇಳಿದಾಗ ಆ ತಾಯಿಗೆ ಅರ್ಥವಾಯಿತು. ಕಲಬುರಗಿ, ಬೀದರ್ ಕಡೆಯವರು ‘ಜಮಾನತ್’ ಅಂತ ಬೇರೆಯಾಗಿ ಬಳಸುತ್ತೀರಾ? ಕರಾವಳಿ, ಕೊಡಗಿನಲ್ಲಿ ಶ್ಯೂರಿಟಿ ನಿಂತವರಿಗೆ ಏನಂತೀರಿ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ.